ಎಲ್ಲವನ್ನೂ ದೇವರಿಗೆ ಒಪ್ಪಿಸುವುದು ಎಂದರೇನು?



ನಮ್ಮನ್ನು ನಾವು ಪೂರ್ಣವಾಗಿ ದೇವರಿಗೆ ಒಪ್ಪಿಸಿಕೊಳ್ಳುತ್ತೇವೆ ಎಂದು ನಾವು ಎಷ್ಟೋ ಸಲ ಹೇಳಿದ್ದೇವೆ. ಧ್ಯಾನಕೂಟದ ಕೊನೆಯ ದಿನ ಕಣ್ಣೀರಿನೊಂದಿಗೆ ಹೇಳಿದ್ದೇವೆ. ಪರಮಪ್ರಸಾದ ಸ್ವೀಕರಿಸಿ ಬೆಂಚಿಗೆ ಮರಳಿ ಮೊಣಕಾಲೂರಿದಾಗ ಹೇಳಿದ್ದೇವೆ. ಆಸ್ಪತ್ರೆಯ ವರಾಂಡದಲ್ಲಿ ಕುಳಿತು, ವೈದ್ಯರು ಹೊರಬರುವುದನ್ನು ಕಾಯುತ್ತಾ ಹೇಳಿದ್ದೇವೆ. ಮಾತು ಸುಳ್ಳಲ್ಲ. ಹೇಳುವ ಹೊತ್ತಿಗೆ ಅದು ನಿಜವೇ ಆಗಿರುತ್ತದೆ.

ಆದರೆ ಸೋಮವಾರ ಬೆಳಗಾಗುತ್ತದೆ. ಜಾಗದ ಗಡಿಯ ವಿಷಯದಲ್ಲಿ ಅಣ್ಣನೊಂದಿಗೆ ಇರುವ ಜಗಳ ಹಾಗೆಯೇ ಇರುತ್ತದೆ. ಬ್ಯಾಂಕಿನ ಲೆಕ್ಕ, ಮಗನ ಕೆಲಸ, ಅತ್ತೆಯ ಮಾತು, ಇಗರ್ಜಿಯ ಸಮಿತಿಯಲ್ಲಿ ಆದ ಅವಮಾನ, ಎಲ್ಲವೂ ಇದ್ದಲ್ಲೇ ಇರುತ್ತವೆ. ಹಾಗಾದರೆ ಭಾನುವಾರ ಒಪ್ಪಿಸಿದ್ದು ಏನನ್ನು? "ಎಲ್ಲವನ್ನೂ" ಎಂಬ ಪದದಲ್ಲಿ ಏನೇನು ಸೇರುತ್ತದೆ? ಈ ಲೇಖನದಲ್ಲಿ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಪವಿತ್ರ ಗ್ರಂಥ ಏನು ಹೇಳುತ್ತದೆ?

ಸಂತ ಪೌಲರು ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದ ಆರಂಭದಲ್ಲಿ, ವಿಶ್ವಾಸಿಗಳು ತಮ್ಮ ದೇಹಗಳನ್ನೇ ಸಜೀವ ಬಲಿಯಾಗಿ ಅರ್ಪಿಸಬೇಕೆಂದು ಕೇಳಿಕೊಳ್ಳುತ್ತಾರೆ. ಮನಸ್ಸನ್ನು ಮಾತ್ರವಲ್ಲ, ದೇಹವನ್ನು ಎಂಬುದನ್ನು ಗಮನಿಸಬೇಕು. ದೇಹ ಎಂದರೆ ನಾವು ದುಡಿಯುವ ಕೈ, ಮಾತಾಡುವ ನಾಲಿಗೆ, ನಡೆಯುವ ಕಾಲು, ನಿದ್ರೆ, ಊಟ, ಕಾಯಿಲೆ, ಮುಪ್ಪು. ಸತ್ತ ಬಲಿಯನ್ನು ಒಮ್ಮೆ ಅರ್ಪಿಸಿದರೆ ಮುಗಿಯಿತು. ಸಜೀವ ಬಲಿಯನ್ನು ಪ್ರತಿದಿನವೂ ಅರ್ಪಿಸಬೇಕಾಗುತ್ತದೆ.

ಶುಭಸಂದೇಶಗಳಲ್ಲಿ ಮತ್ತು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಈ ವಿಷಯಕ್ಕೆ ಹತ್ತಿರವಾದ ಮೂರು ಘಟನೆಗಳಿವೆ.

ಮೊದಲನೆಯದು, ಸಂತ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಧನವಂತ. ಅವನು ಕೆಟ್ಟವನಲ್ಲ. ಚಿಕ್ಕಂದಿನಿಂದ ಆಜ್ಞೆಗಳನ್ನು ಪಾಲಿಸಿಕೊಂಡು ಬಂದವನು. ಯೇಸುಸ್ವಾಮಿ ಅವನನ್ನು ಪ್ರೀತಿಯಿಂದ ನೋಡಿದರು ಎಂದು ಮಾರ್ಕ ಬರೆಯುತ್ತಾನೆ. ಆದರೂ ಸ್ವಾಮಿ ಅವನ ಬದುಕಿನ ಒಂದೇ ಒಂದು ಜಾಗದ ಮೇಲೆ ಬೆರಳಿಟ್ಟರು: ಅವನ ಆಸ್ತಿ. ಅವನು ದುಃಖದಿಂದ ಹೊರಟುಹೋದ. ಉಳಿದೆಲ್ಲವನ್ನೂ ಕೊಟ್ಟವನಿಗೆ ಆ ಒಂದನ್ನು ಕೊಡಲಾಗಲಿಲ್ಲ.

ಎರಡನೆಯದು, ಸಂತ ಲೂಕನ 19ನೇ ಅಧ್ಯಾಯದ ಜಕ್ಕಾಯ. ಇವನೂ ಹಣವಂತನೇ. ಅದೂ ಸುಂಕದವರ ಮುಖ್ಯಸ್ಥ. ಯೇಸು ಮನೆಗೆ ಬಂದಾಗ ಇವನು ಬರೀ ಸಂತೋಷಪಟ್ಟು ಸುಮ್ಮನಾಗಲಿಲ್ಲ. ಎದ್ದುನಿಂತು ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ಪಡೆದಿದ್ದರೆ ಅದಕ್ಕೆ ನಾಲ್ಕರಷ್ಟು ವಾಪಸು. ನಿಜವಾದ ಸಮರ್ಪಣೆಯಲ್ಲಿ ಹೀಗೆ ಅಂಕೆ-ಸಂಖ್ಯೆ ಇರುತ್ತದೆ, ಹೆಸರು-ವಿಳಾಸ ಇರುತ್ತದೆ.

ಮೂರನೆಯದು, ಪ್ರೇಷಿತರ ಕಾರ್ಯಕಲಾಪಗಳ 5ನೇ ಅಧ್ಯಾಯದ ಅನನೀಯ ಮತ್ತು ಅವನ ಹೆಂಡತಿ ಸಫೈರ. ಇವರು ಜಮೀನು ಮಾರಿದರು, ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟರು, ಉಳಿದದ್ದನ್ನು ತಂದು ಇದೇ ಪೂರ್ತಿ ಹಣ ಎಂಬಂತೆ ಪ್ರೇಷಿತರ ಮುಂದೆ ಇಟ್ಟರು. ಅವರ ತಪ್ಪು ಯಾವುದು? ಹಣ ಉಳಿಸಿಕೊಂಡದ್ದು ತಪ್ಪೆಂದು ಪೇತ್ರ ಹೇಳುವುದಿಲ್ಲ. ಜಮೀನು ಅವರದೇ ಆಗಿತ್ತು, ಮಾರಿದ ಹಣವೂ ಅವರ ಕೈಯಲ್ಲೇ ಇತ್ತು ಎಂದು ಪೇತ್ರನೇ ನೆನಪಿಸುತ್ತಾನೆ. ಅರ್ಧ ಕೊಟ್ಟು ಪೂರ್ತಿ ಕೊಟ್ಟಂತೆ ದೇವರ ಮುಂದೆ ತೋರಿಸಿಕೊಂಡದ್ದು ಅವರ ತಪ್ಪು.

ಈ ಮೂರನೆಯ ಘಟನೆ ನಮಗೆ ಬಹಳ ಮುಖ್ಯ. ಎಲ್ಲವನ್ನೂ ಒಪ್ಪಿಸುವ ದಾರಿಯಲ್ಲಿ ಮೊದಲ ಹೆಜ್ಜೆ ಪ್ರಾಮಾಣಿಕತೆ. ಕೊಡದೆ ಉಳಿಸಿಕೊಂಡದ್ದು ಯಾವುದೆಂದು ದೇವರ ಮುಂದೆ ಹೆಸರಿಟ್ಟು ಹೇಳುವುದು. "ಪ್ರಭುವೇ, ಇದನ್ನು ಕೊಡಲು ನನಗೆ ಇನ್ನೂ ಮನಸ್ಸಿಲ್ಲ" ಎಂದು ಹೇಳುವವನು, ಎಲ್ಲ ಕೊಟ್ಟೆನೆಂದು ಹಾಡುವವನಿಗಿಂತ ದೇವರಿಗೆ ಹತ್ತಿರ ಇದ್ದಾನೆ.

ನಮ್ಮ ಕರಾವಳಿಯಲ್ಲಿ ನಡೆದಾಡಿದ ಒಬ್ಬ ಸಂತ

ಸಮರ್ಪಣೆ ಎಂದರೇನೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಸಂತ ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯ ಬೆನಾಲಿಮ್‌ನಲ್ಲಿ, ತಾಯಿಯ ಊರಿನಲ್ಲಿ ಹುಟ್ಟಿದರು. ತಂದೆಯ ಊರು ಸಾಂಕ್ವಾಳ್. 1676ರಲ್ಲಿ ಗುರುದೀಕ್ಷೆ ಪಡೆದರು.

ಮರುವರ್ಷ, 1677ರ ಆಗಸ್ಟ್ 5ರಂದು, ಸಾಂಕ್ವಾಳ್‌ನಲ್ಲಿ ಈ ಯುವ ಗುರು ಒಂದು ಪತ್ರ ಬರೆದು ಸಹಿ ಹಾಕಿದರು. ತಾನು ಮಾತೆ ಮರಿಯಮ್ಮನವರಿಗೆ ಜೀವನಪೂರ್ತಿ ದಾಸನೆಂದು ಬರೆದುಕೊಟ್ಟ ದಾಸ್ಯಪತ್ರ ಅದು. ಅಂದಿನ ಗೋವೆಯಲ್ಲಿ ಮನುಷ್ಯರನ್ನು ದಾಸರನ್ನಾಗಿ ಕೊಳ್ಳುವುದು, ಮಾರುವುದು ನಡೆಯುತ್ತಿತ್ತು. ದಾಸ ಎಂದರೆ ಏನು ಎಂಬುದು ಅಲ್ಲಿ ಎಲ್ಲರಿಗೂ ಕಣ್ಣೆದುರಿನ ವಿಷಯ. ಬ್ರಾಹ್ಮಣ ಮೂಲದ, ಗೌರವಸ್ಥ ಕುಟುಂಬದ ಒಬ್ಬ ಗುರು ಆ ಪದವನ್ನೇ ತನಗಾಗಿ ಆರಿಸಿಕೊಂಡರು. ಆದರೆ ಒಂದು ದೊಡ್ಡ ವ್ಯತ್ಯಾಸವಿತ್ತು. ಮಾರಾಟವಾದ ದಾಸನನ್ನು ಯಾರೂ ಕೇಳಿರಲಿಲ್ಲ. ಜೋಸೆಫ್ ವಾಜ್ ಸ್ವಂತ ಇಚ್ಛೆಯಿಂದ, ಪ್ರೀತಿಯಿಂದ ಸಹಿ ಹಾಕಿದ್ದರು.

ಸಮರ್ಪಣೆ ದೇವರಿಗೆ ತಾನೇ, ಮರಿಯಮ್ಮನವರಿಗೆ ಏಕೆ ಎಂದು ಕೆಲವರು ಕೇಳಬಹುದು. ಮರಿಯಮ್ಮನವರು ತಮಗಾಗಿ ಏನನ್ನೂ ಇಟ್ಟುಕೊಳ್ಳುವವರಲ್ಲ. ದೇವದೂತರ ಮುಂದೆ ತಾನು ಪ್ರಭುವಿನ ದಾಸಿ ಎಂದವರು ಅವರು. ಅವರ ಕೈಗೆ ಕೊಟ್ಟದ್ದು ಅವರ ಪುತ್ರನ ಕೈಗೇ ತಲುಪುತ್ತದೆ ಎಂಬುದು ಧರ್ಮಸಭೆಯ ನಂಬಿಕೆ. ಇದೇ ಬಗೆಯ ಸಮರ್ಪಣೆಯನ್ನು ಬೋಧಿಸಿದ ಫ್ರಾನ್ಸಿನ ಸಂತ ಲೂಯಿ ದ ಮೊಂತ್‌ಫೋರ್ಟ್ ಹುಟ್ಟಿದ್ದು 1673ರಲ್ಲಿ. ಜೋಸೆಫ್ ವಾಜ್ ತಮ್ಮ ಪತ್ರ ಬರೆದಾಗ ಅವರಿನ್ನೂ ನಾಲ್ಕು ವರ್ಷದ ಮಗು.

ಪತ್ರಕ್ಕೆ ಸಹಿ ಹಾಕುವುದು ಒಂದು ದಿನದ ಕೆಲಸ. ಅದನ್ನು ಪೂರೈಸಲು ಅವರಿಗೆ ಉಳಿದ 33 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ದೇವರು ಒಂದೊಂದಾಗಿ ಕೇಳುತ್ತಾ ಹೋದರು.

ಮೊದಲು ಕೇಳಿದ್ದು ಅವರ ಯೋಜನೆಯನ್ನು. ಅವರ ಆಸೆ ಇದ್ದದ್ದು ಸಿಲೋನಿಗೆ (ಇಂದಿನ ಶ್ರೀಲಂಕಾ) ಹೋಗುವುದು. ಅಲ್ಲಿ ಡಚ್ಚರ ಆಡಳಿತದಲ್ಲಿ ಕಥೋಲಿಕ ಗುರುಗಳಿಗೆ ನಿಷೇಧವಿತ್ತು, ವಿಶ್ವಾಸಿಗಳು ಗುರುಗಳಿಲ್ಲದೆ ವರ್ಷಗಟ್ಟಲೆ ಬದುಕುತ್ತಿದ್ದರು. ಆದರೆ 1681ರಲ್ಲಿ ಅಧಿಕಾರಿಗಳು ಅವರನ್ನು ಕಳಿಸಿದ್ದು ನಮ್ಮ ಕೆನರಾಕ್ಕೆ. ಇಲ್ಲಿ ಧರ್ಮಾಧಿಕಾರ ಯಾರದೆಂಬ ವಿಷಯದಲ್ಲಿ ಗೋವೆಯ ಪದ್ರುವಾದೋ ಮತ್ತು ರೋಮಿನ ಪ್ರೊಪಗಾಂಡ ನಡುವೆ ಕಠಿಣ ವಿವಾದ ನಡೆಯುತ್ತಿತ್ತು. ಯಾರೂ ಇಷ್ಟಪಟ್ಟು ಹೋಗುವ ಜಾಗವಲ್ಲ. ಅವರು ಬಂದರು. 1684ರವರೆಗೆ ಮಂಗಳೂರು, ಬಸ್ರೂರು, ಬಾರ್ಕೂರು, ಗಂಗೊಳ್ಳಿ, ಕಲ್ಯಾಣಪುರದ ಕಡೆಯೆಲ್ಲ ಸೇವೆ ಮಾಡಿದರು. ಬೇಕಾದದ್ದು ಸಿಗದ ಆ ಮೂರು ವರ್ಷಗಳು ನಮ್ಮ ಪೂರ್ವಜರಿಗೆ ವರವಾದವು.

ಆಮೇಲೆ ದೇವರು ಕೇಳಿದ್ದು ಅವರ ಮರ್ಯಾದೆಯನ್ನು. 1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಸಿಲೋನಿಗೆ ದಾಟಿದರು. ಜಾಫ್ನಾದಲ್ಲಿ ಇಳಿದಾಗ ಆಮಶಂಕೆಯಿಂದ ನರಳುತ್ತಿದ್ದರು. ಗುರುವಿನ ಉಡುಪಿಲ್ಲ, ಹೆಸರಿಲ್ಲ, ಗುರುತಿಲ್ಲ. ಕ್ರೈಸ್ತರನ್ನು ಕಂಡುಹಿಡಿಯಲು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರೆಂದು ಅವರ ಚರಿತ್ರೆ ಹೇಳುತ್ತದೆ.

ನಂತರ ಸ್ವಾತಂತ್ರ್ಯವನ್ನು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆ ಹಿಡಿಯಲಾಯಿತು. ನಂತರ ದೇಹವನ್ನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ, ಜನ ರೋಗಿಗಳನ್ನು ಬಿಟ್ಟು ಓಡುತ್ತಿದ್ದರೆ, ಇವರು ಸೋದರಳಿಯ ಗುರುವಿನೊಂದಿಗೆ ಉಳಿದು ಧರ್ಮ ನೋಡದೆ ಎಲ್ಲರ ಹುಣ್ಣು ತೊಳೆದರು. ಕೊನೆಗೆ ಗೌರವವನ್ನೂ. ಉನ್ನತ ಧರ್ಮಾಧಿಕಾರದ ಪದವಿ ಒದಗಿ ಬಂದಾಗ ಬೇಡವೆಂದು ಸಾಮಾನ್ಯ ಗುರುವಾಗಿಯೇ ಉಳಿದರು.

ಅವರು ಮತ್ತೆ ಊರಿಗೆ ಮರಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಸಂತ ದ್ವಿತೀಯ ಜಾನ್ ಪಾಲ್ 1995ರಲ್ಲಿ ಅವರನ್ನು ಪುನೀತರೆಂದು, ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಸಂತರೆಂದು ಕೊಲಂಬೊದಲ್ಲಿ ಘೋಷಿಸಿದರು.

ಈ ಚರಿತ್ರೆಯಿಂದ ಒಂದು ಮಾತು ಸ್ಪಷ್ಟ. 1677ರಲ್ಲಿ ಸಹಿ ಹಾಕಿದಾಗ ಜೋಸೆಫ್ ವಾಜ್ ಅವರಿಗೆ ಸೆರೆಮನೆ ಗೊತ್ತಿರಲಿಲ್ಲ, ಸಿಡುಬು ಗೊತ್ತಿರಲಿಲ್ಲ. "ಎಲ್ಲವೂ" ಎಂದರೆ ಏನೇನೆಂದು ಮೊದಲೇ ತಿಳಿದು ಯಾರೂ ಒಪ್ಪಿಸುವುದಿಲ್ಲ. ಮದುವೆಯ ದಿನ ವಧೂವರರಿಗೂ ಮುಂದಿನ ನಲವತ್ತು ವರ್ಷ ಗೊತ್ತಿರುವುದಿಲ್ಲ. ಮೊದಲ ಒಪ್ಪಿಗೆ ಬಾಗಿಲು ತೆರೆಯುತ್ತದೆ. ಒಳಗಿನ ಕೋಣೆಗಳನ್ನು ಒಂದೊಂದಾಗಿ ತೆರೆಯಬೇಕಾಗುತ್ತದೆ.

ಬೀಗ ಹಾಕಿದ ಕೋಣೆಗಳು

ಯೇಸುಸಭೆಯ ಸ್ಥಾಪಕ ಲೊಯೋಲದ ಸಂತ ಇಗ್ನೇಷಿಯಸ್ ತಮ್ಮ 'ಆಧ್ಯಾತ್ಮಿಕ ಸಾಧನೆ' ಗ್ರಂಥದ ಕೊನೆಯಲ್ಲಿ ಒಂದು ಸಮರ್ಪಣೆಯ ಪ್ರಾರ್ಥನೆಯನ್ನು ಇಟ್ಟಿದ್ದಾರೆ. ಅದರಲ್ಲಿ ಅವರು ದೇವರಿಗೆ ಕೊಡುವುದು ಸ್ವಾತಂತ್ರ್ಯ, ನೆನಪು, ಬುದ್ಧಿ, ಇಚ್ಛೆ. ಆದರೆ ಆ ಪ್ರಾರ್ಥನೆಗೆ ಮುಂಚೆ ಅವರು ಸಾಧಕನಿಗೆ ಇನ್ನೊಂದು ಕೆಲಸ ಹೇಳುತ್ತಾರೆ: ದೇವರಿಂದ ನೀನು ಈವರೆಗೆ ಏನೇನು ಪಡೆದಿದ್ದೀ ಎಂದು ನೆನೆದು ನೋಡು. ಪಡೆದದ್ದನ್ನು ಎಣಿಸಿದವನಿಗೆ ಕೊಡುವುದು ಕಳೆದುಕೊಂಡಂತೆ ಕಾಣುವುದಿಲ್ಲ.

ನಮ್ಮ ಕುಟುಂಬಗಳಲ್ಲಿ, ಧರ್ಮಕೇಂದ್ರಗಳಲ್ಲಿ ಹೆಚ್ಚಾಗಿ ಬೀಗ ಬಿದ್ದಿರುವ ಕೋಣೆಗಳು ಇವು.

1. ಹಣದ ಕೋಣೆ. ಇಗರ್ಜಿಗೆ ದೇಣಿಗೆ ಕೊಡುವುದು ಒಳ್ಳೆಯದೇ. ಆದರೆ ಮನೆಗೆಲಸದವಳ ಸಂಬಳವನ್ನು ತಡಮಾಡಿ ಕೊಡುವುದು, ತಂಗಿಗೆ ಬರಬೇಕಾದ ಪಾಲನ್ನು ಕಾಗದದಲ್ಲಿ ಬಿಟ್ಟುಬಿಡುವುದು, ಸಾಲಕ್ಕೆ ಬಂದವನ ಕಷ್ಟ ನೋಡಿ ಬಡ್ಡಿ ಏರಿಸುವುದು, ಇವೂ ದೇವರ ಮುಂದೆ ಬರಬೇಕಾದ ಲೆಕ್ಕಗಳೇ. ಜಕ್ಕಾಯ ತಾನು ಮೋಸ ಮಾಡಿದವರ ಲೆಕ್ಕವನ್ನೂ ಮರೆಯಲಿಲ್ಲ.

2. ಮಕ್ಕಳ ಕೋಣೆ. ಪಾಸ್ಖ ಕಾಲದ ನಾಲ್ಕನೆಯ ಭಾನುವಾರ ನಾವು ದೈವಕರೆಗಾಗಿ ಪ್ರಾರ್ಥಿಸುತ್ತೇವೆ. ಪೋಪ್ ಆರನೆಯ ಪೌಲರು 1964ರಲ್ಲಿ ಆರಂಭಿಸಿದ ದಿನವಿದು. ಹೆಚ್ಚು ಗುರುಗಳು, ಧರ್ಮಭಗಿನಿಯರು ಬೇಕೆಂದು ಎಲ್ಲರೂ ಬೇಡುತ್ತೇವೆ, ಆದರೆ ನೆರೆಮನೆಯಿಂದ ಬರಲಿ ಎಂದು. ಕರೆ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಆದರೆ ಮಗ ಏನಾಗಬೇಕೆಂಬುದನ್ನು ದೇವರನ್ನು ಕೇಳದೆ, ಮಗನನ್ನೂ ಕೇಳದೆ ತೀರ್ಮಾನಿಸಿರುವ ಮನೆಗಳು ಎಷ್ಟಿಲ್ಲ? ಮಕ್ಕಳನ್ನು ಒಪ್ಪಿಸುವುದೆಂದರೆ ಅವರು ನಮ್ಮ ಆಸ್ತಿಯಲ್ಲ ಎಂದು ಒಪ್ಪುವುದು.

3. ನೆನಪಿನ ಕೋಣೆ. ಇಗ್ನೇಷಿಯಸರ ಪ್ರಾರ್ಥನೆಯಲ್ಲಿ ನೆನಪು ಏಕಿದೆ ಎಂದು ಆಶ್ಚರ್ಯವಾಗಬಹುದು. ಇಪ್ಪತ್ತು ವರ್ಷದ ಹಿಂದೆ ಪಾಲಾಗುವಾಗ ಯಾರು ಏನು ಹೇಳಿದರು, ಮದುವೆಯಲ್ಲಿ ಯಾರನ್ನು ಮೊದಲ ಸಾಲಿನಲ್ಲಿ ಕೂರಿಸಲಿಲ್ಲ, ತಂದೆಯ ಮರಣದ ದಿನ ಯಾರು ಬರಲಿಲ್ಲ, ಇದೆಲ್ಲ ಕೆಲವರಿಗೆ ತಾರೀಖಿನೊಂದಿಗೆ ನೆನಪಿದೆ. ಒಂದೇ ಇಗರ್ಜಿಯಲ್ಲಿ ಬೇರೆ ಬೇರೆ ಬಾಗಿಲಿನಿಂದ ಬಂದು ಹೋಗುವ ಅಣ್ಣತಮ್ಮಂದಿರಿದ್ದಾರೆ. ಮರೆತುಬಿಡಿ ಎಂದು ದೇವರು ಕೇಳುವುದಿಲ್ಲ. ಆ ನೆನಪನ್ನು ಆಯುಧವಾಗಿ ಇಟ್ಟುಕೊಳ್ಳದೆ ನನ್ನ ಕೈಗೆ ಕೊಡು ಎಂದು ಕೇಳುತ್ತಾರೆ.

4. ನಾಲಿಗೆಯ ಕೋಣೆ. ಇಂದು ಇದಕ್ಕೆ ಮೊಬೈಲ್ ಸೇರಿದೆ. ಜಪಸರ ಹಿಡಿದ ಕೈಯಿಂದಲೇ ಇನ್ನೊಬ್ಬರ ಮನೆಯ ಸುದ್ದಿಯನ್ನು ವಾಟ್ಸಾಪಿನಲ್ಲಿ ಕಳಿಸುತ್ತೇವೆ. ನಾಲಿಗೆ ಒಪ್ಪಿಸಿದ್ದಾದರೆ ಬೆರಳನ್ನೂ ಒಪ್ಪಿಸಬೇಕು.

5. ಸೇವೆಯ ಕೋಣೆ. ಇದು ನಮ್ಮಂಥವರಿಗೆ, ಅಂದರೆ ಗುರುಗಳಿಗೆ, ಧರ್ಮೋಪದೇಶಕರಿಗೆ, ವಾಳೆಯ ಗುರಿಕಾರರಿಗೆ, ಪಾಲನಾ ಪರಿಷತ್ತಿನ ಸದಸ್ಯರಿಗೆ, ಗಾಯನ ಮಂಡಳಿಯವರಿಗೆ. ದೇವರ ಕೆಲಸಕ್ಕೆಂದು ಬಂದೆವು. ನಿಧಾನವಾಗಿ ಅದು ನಮ್ಮ ಕೆಲಸವಾಯಿತು, ನಮ್ಮ ಕುರ್ಚಿಯಾಯಿತು, ನಮ್ಮ ಮೈಕಾಯಿತು. ಅವಧಿ ಮುಗಿದಾಗ ಬಿಟ್ಟುಕೊಡಲು ಎಷ್ಟು ನೋವಾಗುತ್ತದೆ ಎಂಬುದೇ ಅದು ಯಾರ ಕೈಯಲ್ಲಿತ್ತು ಎಂಬುದನ್ನು ಹೇಳುತ್ತದೆ. ವರ್ಗಾವಣೆಯ ಪತ್ರ ಬಂದಾಗ ಗುರುಗಳಿಗೂ ಇದೇ ಪರೀಕ್ಷೆ. ಸಿಲೋನ್ ಬೇಡಿ ಕೆನರಾ ಪಡೆದ ಸಂತರನ್ನು ಆಗ ನೆನೆಯಬೇಕು.

ಸಮರ್ಪಣೆ ಯಾವುದಲ್ಲ?

ಈ ವಿಷಯದಲ್ಲಿ ತಪ್ಪು ತಿಳುವಳಿಕೆಯಿಂದ ಹಾನಿಯಾಗುತ್ತದೆ. ಆದ್ದರಿಂದ ಕೆಲವು ಮಾತುಗಳನ್ನು ಬಿಚ್ಚಿ ಹೇಳಬೇಕು.

ಸಮರ್ಪಣೆ ಕೈಕಟ್ಟಿ ಕೂರುವುದಲ್ಲ. ಕಾಯಿಲೆಯನ್ನು ದೇವರಿಗೆ ಒಪ್ಪಿಸಿದ್ದೇನೆಂದು ಮಾತ್ರೆ ನಿಲ್ಲಿಸುವುದು ವಿಶ್ವಾಸವಲ್ಲ. ವೈದ್ಯರ ಕೈಯೂ ದೇವರದೇ ದಾನ. ಸಿಡುಬಿನ ರೋಗಿಗಳಿಗಾಗಿ ಸಂತ ಜೋಸೆಫ್ ವಾಜ್ ಪ್ರಾರ್ಥಿಸಿದರು, ಜೊತೆಗೆ ಅವರ ಹುಣ್ಣು ತೊಳೆದು ಆರೈಕೆಯನ್ನೂ ಮಾಡಿದರು.

ಸಮರ್ಪಣೆ ವ್ಯಾಪಾರವಲ್ಲ. ವೀಸಾ ಸಿಕ್ಕಿದರೆ ಇಷ್ಟು ಮೇಣದಬತ್ತಿ, ಮಗಳಿಗೆ ಸೀಟು ಸಿಕ್ಕಿದರೆ ಇಷ್ಟು ಬಲಿಪೂಜೆ ಎಂದು ಹರಕೆ ಹೊರುವುದನ್ನು ಧರ್ಮಸಭೆ ತಪ್ಪೆನ್ನುವುದಿಲ್ಲ. ಆದರೆ ಅಲ್ಲಿ ನಮಗೆ ಬೇಕಾದದ್ದು ಮೊದಲೇ ತೀರ್ಮಾನವಾಗಿರುತ್ತದೆ. ಸಮರ್ಪಣೆಯಲ್ಲಿ ಉತ್ತರವನ್ನು ದೇವರಿಗೆ ಬಿಡುತ್ತೇವೆ.

ಸಮರ್ಪಣೆ ಎಂದರೆ ಆಸೆಯನ್ನು ಬಾಯಿಬಿಟ್ಟು ಹೇಳಬಾರದೆಂದಲ್ಲ. ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿ ಮೊದಲು ತಮ್ಮ ಮನಸ್ಸಿನಲ್ಲಿದ್ದದ್ದನ್ನು ಪಿತನಿಗೆ ಹೇಳಿದರು. ಆ ಪಾತ್ರೆ ದೂರವಾಗಲಿ ಎಂದು ಕೇಳಿದರು. ಆಮೇಲೆ ಪಿತನ ಚಿತ್ತಕ್ಕೆ ಬಿಟ್ಟರು. ಒಂದೇ ಸಲವಲ್ಲ, ಮೂರು ಸಲ ಪ್ರಾರ್ಥಿಸಿದರು ಎಂದು ಮತ್ತಾಯ ಬರೆಯುತ್ತಾನೆ. ಪ್ರಭುವಿಗೇ ಮೂರು ಸಲ ಬೇಕಾದರೆ ನಮಗೆ ಮುನ್ನೂರು ಸಲ ಬೇಕಾಗುವುದರಲ್ಲಿ ನಾಚಿಕೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಹಿಂಸೆಯನ್ನು ಸಹಿಸಿಕೊಂಡು ಸುಮ್ಮನಿರುವುದು ಸಮರ್ಪಣೆಯಲ್ಲ. ಕುಡಿದು ಬಂದು ಹೊಡೆಯುವ ಗಂಡನ ಮನೆಯಲ್ಲಿರುವ ಹೆಣ್ಣುಮಗಳಿಗೆ "ಶಿಲುಬೆಯೆಂದು ತಿಳಿದು ದೇವರಿಗೆ ಒಪ್ಪಿಸಿಬಿಡು ಬಾಯಿ" ಎಂದು ಹೇಳಿ ಕಳಿಸುವವರು ನಮ್ಮಲ್ಲಿ ಇದ್ದಾರೆ. ಹಾಗೆ ಹೇಳಬಾರದು. ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ತಾನೇ ಅದನ್ನು ಅರ್ಪಿಸುತ್ತೇನೆ ಎಂಬುದು ಸಂತ ಯೊವಾನ್ನನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ಮಾತಿನ ಅರ್ಥ. ಸ್ವತಂತ್ರವಾಗಿ ಕೊಟ್ಟದ್ದು ಮಾತ್ರ ಅರ್ಪಣೆ. ಭಯದಿಂದ ಕಿತ್ತುಕೊಂಡದ್ದು ಅನ್ಯಾಯ. ಅಂಥ ಮಗಳಿಗೆ ಬೇಕಾದದ್ದು ಸುರಕ್ಷಿತ ಜಾಗ, ನಂಬಿಕೆಯ ಜನ, ಕಾನೂನಿನ ನೆರವು. ಅವಳನ್ನು ಅಲ್ಲಿಗೆ ಕರೆದೊಯ್ಯುವುದು ಧರ್ಮಕೇಂದ್ರದ ಕರ್ತವ್ಯ.

ಅದೇ ರೀತಿ, ದೇವರಿಗೆ ಒಪ್ಪಿಸಿದ ಬದುಕನ್ನು ಯಾವ ಮನುಷ್ಯನೂ ತನ್ನ ವಶಕ್ಕೆ ಕೇಳುವಂತಿಲ್ಲ. ಗುರುವೇ ಇರಲಿ, ಪ್ರಾರ್ಥನಾ ಕೂಟದ ಮುಖಂಡನೇ ಇರಲಿ, ನಿನ್ನ ಮನಸ್ಸಾಕ್ಷಿಯನ್ನು ನನಗೆ ಬಿಡು, ನಿನ್ನ ಚಿನ್ನವನ್ನು ನನಗೆ ಕೊಡು ಎಂದರೆ ಅಲ್ಲಿಂದ ಎದ್ದು ಬರುವುದೇ ಸರಿ.

ದಿನನಿತ್ಯ ಮಾಡಬಹುದಾದದ್ದು

ಧರ್ಮಸಭೆ ಇದಕ್ಕಾಗಿ ಸರಳವಾದ ಅಭ್ಯಾಸಗಳನ್ನು ಕೊಟ್ಟಿದೆ.

ಬೆಳಗಿನ ಅರ್ಪಣೆ: ಎದ್ದ ಕೂಡಲೇ ಆ ದಿನದ ಪ್ರಾರ್ಥನೆ, ಕೆಲಸ, ಸಂತೋಷ, ಕಷ್ಟಗಳನ್ನು ಒಪ್ಪಿಸುವ ಚಿಕ್ಕ ಪ್ರಾರ್ಥನೆ. ಫ್ರಾನ್ಸಿನ ವಾಲ್ಸ್ ಎಂಬಲ್ಲಿ 1844ರಲ್ಲಿ ಯೇಸುಸಭೆಯವರು ಆರಂಭಿಸಿದ ಪ್ರಾರ್ಥನೆಯ ಪ್ರೇಷಿತಕಾರ್ಯ ಇದನ್ನು ಜಗತ್ತಿನೆಲ್ಲೆಡೆ ಹರಡಿತು. ಮೀನುಗಾರಿಕೆಗೆ ಹೋಗುವವರು ದೋಣಿ ಹತ್ತುವಾಗ, ತಾಯಂದಿರು ಒಲೆ ಹಚ್ಚುವಾಗ, ವಿದ್ಯಾರ್ಥಿಗಳು ಬಸ್ಸಿಗೆ ಕಾಯುವಾಗ ಮಾಡಬಹುದು.

ರಾತ್ರಿಯ ಆತ್ಮಪರಿಶೀಲನೆ: ಹತ್ತು ನಿಮಿಷ ಸಾಕು. ಇಂದು ಏನು ಪಡೆದೆ, ಏನು ಕೊಟ್ಟೆ, ಏನನ್ನು ಹಿಡಿದಿಟ್ಟುಕೊಂಡೆ? ಕೊನೆಯ ಪ್ರಶ್ನೆಗೆ ಪದೇ ಪದೇ ಒಂದೇ ಉತ್ತರ ಬರುತ್ತಿದ್ದರೆ ಬೀಗ ಇರುವುದು ಅಲ್ಲಿಯೇ.

ಪಾಪನಿವೇದನೆ: ಆ ಉತ್ತರವನ್ನು ಗುರುಗಳ ಮುಂದೆ ಹೆಸರಿಟ್ಟು ಹೇಳಿ. ಕೊಡಲಾಗುತ್ತಿಲ್ಲ ಎಂಬ ಕಷ್ಟವನ್ನೂ ಹೇಳಿ. ಒಬ್ಬರೇ ಎತ್ತಲಾಗದ್ದನ್ನು ದೇವರ ಕೃಪೆ ಎತ್ತುತ್ತದೆ.

ಬಲಿಪೂಜೆ: ಕಾಣಿಕೆಯ ಸಮಯದಲ್ಲಿ ಗುರು ಪಾತ್ರೆಯಲ್ಲಿನ ದ್ರಾಕ್ಷಾರಸಕ್ಕೆ ಒಂದೆರಡು ಹನಿ ನೀರು ಬೆರೆಸುವುದನ್ನು ನೀವು ನೋಡಿದ್ದೀರಿ. ಆ ನೀರು ನಾವು. ದ್ರಾಕ್ಷಾರಸದಲ್ಲಿ ಸೇರಿದ ಮೇಲೆ ಅದನ್ನು ಮತ್ತೆ ಬೇರೆ ಮಾಡಲಾಗದು. ಕಾಣಿಕೆ ಡಬ್ಬಿ ದಾಟಿಹೋಗುವ ಆ ಕೆಲವು ನಿಮಿಷಗಳಲ್ಲಿ ಅಕ್ಕಪಕ್ಕ ನೋಡುವ ಬದಲು, ಒಂದು ವಿಷಯವನ್ನು ಮಾತ್ರ ಮನಸ್ಸಿನಲ್ಲಿ ಎತ್ತಿಕೊಂಡು ಪೀಠದ ಮೇಲಿಡಿ. ಎಲ್ಲವನ್ನೂ ಬೇಡ, ಒಂದನ್ನು. ಅದಕ್ಕೊಂದು ಹೆಸರಿರಲಿ: ಅಣ್ಣನ ಹೆಸರು, ಸಾಲದ ಮೊತ್ತ, ಮಗಳ ಪರೀಕ್ಷೆ, ಬಯಾಪ್ಸಿಯ ವರದಿ. ಮುಂದಿನ ವಾರ ಇನ್ನೊಂದು.

ಅಣ್ಣನ ಹೆಸರನ್ನು ಪೀಠದ ಮೇಲಿಟ್ಟವರು ಪೂಜೆ ಮುಗಿದ ಮೇಲೆ ಅಣ್ಣ ಹೊರಡುವ ಬಾಗಿಲಿನಿಂದಲೇ ಹೊರಡಲಿ. ಒಂದು ಮಾತು ಆಡಲಾಗದಿದ್ದರೂ ಪರವಾಗಿಲ್ಲ. ಅಷ್ಟು ದೂರವಾದರೂ ಆ ಬೀಗ ತೆರೆಯಿತು. ಉಳಿದದ್ದನ್ನು ತೆರೆಯಲು ಪ್ರಭು ನಮಗೆ ಕೃಪೆ ನೀಡಲಿ. ಸಂತ ಜೋಸೆಫ್ ವಾಜ್, ನಮಗಾಗಿ ಪ್ರಾರ್ಥಿಸಿ.